ಜೀಪಿನ ಆಯಿಲ್ ಪ್ರೆಶರ್ ಗೇಜು: ನಿಪ್ಪಲ್ ಹಿಡಿಯದಿದ್ದರೆ ಟೇಪ್ ಸುತ್ತಬೇಡಿ

ಪ್ರಶ್ನೆ: ವಿರಾಜಪೇಟೆ ಬಳಿಯ ನಮ್ಮ ಕಾಫಿ ತೋಟದಲ್ಲಿ ಅಜ್ಜನ ಕಾಲದ ವಿಲ್ಲೀಸ್ ಪೆಟ್ರೋಲ್ ಜೀಪೊಂದಿದೆ, ತಗ್ಗು ಬಾನೆಟ್ಟಿನ ಹಳೆಯ ಮಾದರಿ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಪ್ರೆಶರ್ ಗೇಜು ಇದ್ದರೂ, ಯಾರೋ ಬಹಳ ಹಿಂದೆಯೇ ಅದರ ಕೊಳವೆಯನ್ನು ಕತ್ತರಿಸಿ ಎಂಜಿನ್ ಬ್ಲಾಕಿನ ತೂತಿಗೆ ಪ್ಲಗ್ ಹಾಕಿಬಿಟ್ಟಿದ್ದಾರೆ. ಹುತ್ತರಿಯೊಳಗೆ ಗೇಜನ್ನು ಮತ್ತೆ ಜೋಡಿಸೋಣವೆಂದು ಹಾರ್ಡ್‌ವೇರ್ ಅಂಗಡಿಯಿಂದ 1/8 ಇಂಚಿನ ಹಿತ್ತಾಳೆ ನಿಪ್ಪಲ್ (ಬ್ಲಾಕಿಗೆ ಕೊಳವೆ ಜೋಡಿಸುವ ಥ್ರೆಡ್ಡಿನ ತುಂಡು) ತಂದೆ. ಅದು ಸಡಿಲವಾಗಿ ಒಳಗೆ ಹೋಗಿ ಕೊನೆಯಲ್ಲಿ ಸ್ವಲ್ಪ ಹಿಡಿಯುತ್ತದೆ, ಆದರೆ ಎಂಜಿನ್ ಓಡಿಸಿದರೆ ಆಯಿಲ್ ಜಿನುಗುತ್ತದೆ. ಗ್ಯಾರೇಜಿನವರು ಟೆಫ್ಲಾನ್ ಟೇಪನ್ನು ದಪ್ಪವಾಗಿ ಸುತ್ತಿ ಎನ್ನುತ್ತಾರೆ, ಇಲ್ಲವಾದರೆ ಎಲೆಕ್ಟ್ರಿಕ್ ಗೇಜು ಹಾಕಿಸಿ ಎನ್ನುತ್ತಾರೆ. ಏನು ಮಾಡುವುದು? ಜೋಡಿಸಿದ ಮೇಲೆ ಮುಳ್ಳು ಎಲ್ಲಿ ನಿಲ್ಲಬೇಕು?

ಉತ್ತರ: ಮೊದಲು ಆ ನಿಪ್ಪಲನ್ನು ಬಿಚ್ಚಿ, ಹಳೆಯ ಪ್ಲಗ್ಗನ್ನೇ ಮತ್ತೆ ಹಾಕಿ. ಟೇಪು ಎಷ್ಟು ಸುತ್ತಿದರೂ ನಿಮ್ಮ ತೊಂದರೆ ತೀರುವುದಿಲ್ಲ, ಏಕೆಂದರೆ ನಿಪ್ಪಲಿನ ಥ್ರೆಡ್ಡೂ ಬ್ಲಾಕಿನ ಥ್ರೆಡ್ಡೂ ಒಂದೇ ಜಾತಿಯವಲ್ಲ. ವಿಲ್ಲೀಸ್ ಅಮೆರಿಕದ ಗಾಡಿ. ಅದರ ಬ್ಲಾಕಿನಲ್ಲಿ ಗೇಜಿಗಾಗಿ ಕೊರೆದ ತೂತಿಗೆ ಇರುವುದು 1/8 ಇಂಚಿನ ಎನ್‌ಪಿಟಿ ಎಂಬ ಅಮೆರಿಕನ್ ಪೈಪ್ ಥ್ರೆಡ್, ಅಂದರೆ ಇಂಚಿಗೆ 27 ಸುತ್ತು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ 1/8 ಎಂದು ಕೇಳಿದರೆ ಕೊಡುವುದು ಬಿಎಸ್‌ಪಿ ಎಂಬ ಬ್ರಿಟಿಷ್ ಪೈಪ್ ಥ್ರೆಡ್. ಅದಕ್ಕೆ ಇಂಚಿಗೆ 28 ಸುತ್ತು. ಹಲ್ಲಿನ ಕೋನವೂ ಬೇರೆ: ಅಮೆರಿಕದ್ದು 60 ಡಿಗ್ರಿ, ಬ್ರಿಟಿಷರದ್ದು 55 ಡಿಗ್ರಿ. ಒಂದು ಇಂಚಿನಲ್ಲಿ ಒಂದೇ ಒಂದು ಸುತ್ತಿನ ವ್ಯತ್ಯಾಸವಾದ್ದರಿಂದ, ಸುಮಾರು ಒಂದು ಸೆಂಟಿಮೀಟರ್ ಉದ್ದದ ನಿಪ್ಪಲನ್ನು ಬರಿಗಣ್ಣಿನಿಂದ ನೋಡಿ ಇದು ಯಾವುದೆಂದು ಹೇಳಲು ನುರಿತ ಟರ್ನರಿಗೂ ಕಷ್ಟವೇ. ವರ್ನಿಯರ್ ಹಿಡಿದರೆ ಮಾತ್ರ ಗುಟ್ಟು ಹೊರಬೀಳುತ್ತದೆ: ಬಿಎಸ್‌ಪಿಯ ಹೊರವ್ಯಾಸ ಸುಮಾರು 9.7 ಮಿಲಿಮೀಟರ್, ಎನ್‌ಪಿಟಿ ಪೈಪಿನದು ಸುಮಾರು 10.3. ನಿಮ್ಮ ನಿಪ್ಪಲ್ ಸಡಿಲವಾಗಿ ಒಳಗೆ ಹೋದದ್ದು ಈ ಅರ್ಧ ಮಿಲಿಮೀಟರಿನ ಕಾರಣದಿಂದ. ಕೊನೆಯಲ್ಲಿ ಹಿಡಿದಂತೆ ಅನಿಸಿದ್ದು ಒಂದೆರಡು ಹಲ್ಲುಗಳ ತುದಿಯಷ್ಟೇ. ಎಂಜಿನ್ ನಡುಗುತ್ತಾ ಓಡುವಾಗ ಅಷ್ಟು ಹಿಡಿತ ಸಾಲದು.

ಹಿತ್ತಾಳೆ ಮೆದುವಾಗಿಯೂ ಬ್ಲಾಕಿನ ಎರಕದ ಕಬ್ಬಿಣ ಗಟ್ಟಿಯಾಗಿಯೂ ಇರುವುದರಿಂದ, ಹಾಳಾಗಿದ್ದರೆ ನಿಪ್ಪಲ್ ಹಾಳಾಗಿರುತ್ತದೆಯೇ ಹೊರತು ಬ್ಲಾಕಿಗೆ ಏನೂ ಆಗಿರಲಿಕ್ಕಿಲ್ಲ. ಅನುಮಾನವಿದ್ದರೆ 1/8–27 ಎನ್‌ಪಿಟಿ ಟ್ಯಾಪನ್ನು, ಅಂದರೆ ತೂತಿನಲ್ಲಿ ಥ್ರೆಡ್ ಕೊರೆಯುವ ಉಪಕರಣವನ್ನು, ಬೆರಳಿನ ಬಲದಲ್ಲೇ ತಿರುಗಿಸಿ ಹಲ್ಲುಗಳನ್ನು ಸ್ವಚ್ಛಗೊಳಿಸಬಹುದು. ಟ್ಯಾಪಿನ ಉದ್ದುದ್ದ ತೋಡುಗಳಿಗೆ ಮೊದಲೇ ಗ್ರೀಸ್ ತುಂಬಿರಬೇಕು. ಕೆರೆದ ಪುಡಿ ಗ್ರೀಸಿಗೆ ಅಂಟಿಕೊಂಡು ಹೊರಗೆ ಬರುತ್ತದೆ. ಈ ತೂತು ನೇರವಾಗಿ ಆಯಿಲ್ ಗ್ಯಾಲರಿಗೆ, ಅಂದರೆ ಬ್ಲಾಕಿನೊಳಗೆ ಆಯಿಲ್ ಹರಿಯುವ ಹಾದಿಗೆ, ತೆರೆದುಕೊಳ್ಳುವುದರಿಂದ ಒಳಗೆ ಬಿದ್ದ ಕಬ್ಬಿಣದ ಪುಡಿ ಮುಂದೆ ಹೋಗಿ ಸೇರುವುದು ಮೇನ್ ಬೇರಿಂಗಿಗೆ. ಟ್ಯಾಪ್ ತೆಗೆದ ಮೇಲೆ ಕಾಯಿಲ್ ವೈರನ್ನು ಕಳಚಿ, ಎಂಜಿನ್ನನ್ನು ಸ್ಟಾರ್ಟರಿನಿಂದ ನಾಲ್ಕಾರು ಸೆಕೆಂಡು ಸುತ್ತಿಸಿದರೆ ಆಯಿಲ್ ಚಿಮ್ಮಿ ಉಳಿದದ್ದನ್ನೂ ತಳ್ಳುತ್ತದೆ. ಆಗ ತೂತಿನ ಕೆಳಗೆ ಹಳೆಯ ಡಬ್ಬವೊಂದನ್ನು ಹಿಡಿಯಿರಿ.

ಎನ್‌ಪಿಟಿ ನಿಪ್ಪಲ್ ಕೊಡಗಿನಲ್ಲಿ ಸುಲಭವಾಗಿ ಸಿಗುವುದು ನನಗೆ ಅನುಮಾನ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅಥವಾ ಹೈಡ್ರಾಲಿಕ್ ಫಿಟ್ಟಿಂಗ್ ಮಾರುವವರಲ್ಲಿ ‘ಎನ್‌ಪಿಟಿ, 27’ ಎಂದು ಸ್ಪಷ್ಟವಾಗಿ ಹೇಳಿ ಕೇಳಿ. ಹತ್ತಿರದ ಲೇತ್ ಅಂಗಡಿಯಲ್ಲಿ ಮಾಡಿಸುವುದಾದರೆ, ಬ್ಲಾಕಿನಿಂದ ಬಂದ ಹಳೆಯ ಪ್ಲಗ್ಗು ತೊಟ್ಟಿಕ್ಕದೆ ಕೂತಿತ್ತೆಂಬುದು ಖಚಿತವಿದ್ದಲ್ಲಿ ಅದನ್ನೇ ಮಾದರಿಯಾಗಿ ಕೊಡಬಹುದು. ಈ ಥ್ರೆಡ್ ಮೊನಚಾಗುತ್ತಾ ಹೋಗುವಂಥದ್ದು. ಬೆರಳಿನಿಂದ ಬಿಗಿಯಾದ ನಂತರ ಸ್ಪ್ಯಾನರಿನಿಂದ ಒಂದೂವರೆ, ಹೆಚ್ಚೆಂದರೆ ಎರಡು ಸುತ್ತು ಸಾಕು. ಬೆಣೆ ಹೊಡೆದಂತೆ ಇನ್ನೂ ಒಳಕ್ಕೆ ದೂಡಿದರೆ ಬ್ಲಾಕಿನ ಆ ಉಬ್ಬೇ ಬಿರುಕು ಬಿಟ್ಟೀತು. ಥ್ರೆಡ್ ಸರಿಯಾದದ್ದೇ ಆಗಿದ್ದರೂ ಟೆಫ್ಲಾನ್ ಟೇಪಿಗಿಂತ ದ್ರವರೂಪದ ಥ್ರೆಡ್ ಸೀಲೆಂಟ್ ವಾಸಿ. ಟೇಪೇ ಬೇಕೆಂದರೆ ತುದಿಯ ಎರಡು ಹಲ್ಲು ಬರಿದಾಗಿ ಬಿಟ್ಟು, ಎರಡೇ ಸುತ್ತು ಹಾಕಿ. ತುದಿಯಲ್ಲಿ ಜೋತುಬಿದ್ದ ಟೇಪಿನ ಎಳೆಯೊಂದು ಕಿತ್ತು ಕೊಳವೆಯೊಳಗೆ ಹೋದರೆ ಗೇಜಿನ ಕುತ್ತಿಗೆಯ ಸೂಜಿಗಾತ್ರದ ತೂತನ್ನು ಮುಚ್ಚಿಬಿಡುತ್ತದೆ. ಆಮೇಲೆ ಮುಳ್ಳು ಏಳುವುದೇ ಇಲ್ಲ, ಇಲ್ಲವೇ ಎದ್ದದ್ದು ಇಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ನಿಮ್ಮ ಜೀಪಿನಲ್ಲಿ ಮೂಲ ಎಂಜಿನ್ನೇ ಇದೆ ಎಂಬ ನಂಬಿಕೆಯ ಮೇಲೆ. ತಗ್ಗು ಬಾನೆಟ್ಟಿನ ಜೀಪುಗಳಲ್ಲಿ, ಅಂದರೆ ಯುದ್ಧಕಾಲದ ಎಂಬಿಯಿಂದ 1953ರವರೆಗೆ ಬಂದ ಸಿಜೆ-3ಎ ವರೆಗಿನವುಗಳಲ್ಲಿ, ಇದ್ದದ್ದು 2,199 ಸಿಸಿಯ ಎಲ್-ಹೆಡ್ (ವಾಲ್ವುಗಳೆಲ್ಲ ಬ್ಲಾಕಿನಲ್ಲೇ ಇರುವ) ಎಂಜಿನ್. ಮುಂದಿನ ಮಾದರಿಯಾದ ಸಿಜೆ-3ಬಿಯ ಬಾನೆಟ್ ಎತ್ತರವಾದದ್ದು ಅದರ ಎಫ್-ಹೆಡ್ (ಕೆಲವು ವಾಲ್ವುಗಳು ಮೇಲೆ ಹೆಡ್ಡಿನಲ್ಲಿರುವ) ಎಂಜಿನ್ನಿಗೆ ಜಾಗ ಬೇಕಾದ್ದರಿಂದ. ಪೆಟ್ರೋಲ್ ಖರ್ಚಿಗೆ ಅಂಜಿ ಹಳೆಯ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಿದವರು ನಮ್ಮಲ್ಲಿ ಕಡಿಮೆಯೇನಲ್ಲ. ಅಂಥ ಗಾಡಿಯಾದರೆ ಥ್ರೆಡ್ಡೂ ಪ್ರೆಶರ್ ಲೆಕ್ಕವೂ ಆ ಎಂಜಿನ್ನಿನದೇ ಆಗಿರುತ್ತದೆ. ನಿಮ್ಮ ಮನೆಯಲ್ಲಿ ಅಂಬಾಸಿಡರ್ ಕೂಡ ಇದ್ದರೆ ಜೀಪಿಗೆಂದು ತಂದ ನಿಪ್ಪಲನ್ನು ಅದರ ಹಳೆಯ 1489 ಸಿಸಿ ಎಂಜಿನ್ನಿಗೆ ಹಾಕಲು ಹೋಗಬೇಡಿ. ಅದು ಇಂಗ್ಲೆಂಡಿನ ಬಿಎಂಸಿ ಎಂಜಿನ್, ಬಿಎಸ್‌ಪಿಯ ವಂಶ; ದಪ್ಪನೆಯ ಎನ್‌ಪಿಟಿ ನಿಪ್ಪಲ್ ಅಲ್ಲಿ ಒಂದೆರಡು ಸುತ್ತಿಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ನೀವು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಆ ಕೊಳವೆಯನ್ನು ಕತ್ತರಿಸಿದವರು ಯಾಕೆ ಕತ್ತರಿಸಿದರು? ತುಕ್ಕು ಹಿಡಿದೋ ಸೀಳಿಯೋ ಚಾಲಕನ ಕಾಲ ಮೇಲೆ ಆಯಿಲ್ ತೊಟ್ಟಿಕ್ಕಿರಬಹುದು; ಅದು ನಿರಪಾಯದ ಕಾರಣ. ಗೇಜಿನ ಮುಳ್ಳು ಕೆಳಗಿಳಿಯುತ್ತಿದ್ದುದನ್ನು ನೋಡಲಾರದೆ ಗೇಜನ್ನೇ ಸುಮ್ಮನಾಗಿಸಿದ್ದೂ ಇರಬಹುದು. ಗಾಡಿ ಮಾರುವ ಮುನ್ನ ಈ ಕೆಲಸ ಮಾಡುವವರಿದ್ದಾರೆ. ಹಾಗಾಗಿ ಕೊಳವೆಗೆ ದುಡ್ಡು ಹಾಕುವ ಮೊದಲು, ಒಳ್ಳೆಯ ಗ್ಯಾರೇಜಿನಲ್ಲಿರುವ ಪ್ರೆಶರ್ ಟೆಸ್ಟರನ್ನು ನೇರವಾಗಿ ಬ್ಲಾಕಿನ ತೂತಿಗೆ ಜೋಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎಷ್ಟು ತೋರಿಸುತ್ತದೆಂದು ಬರೆದಿಟ್ಟುಕೊಳ್ಳಿ. ಮುಂದೆ ನಿಮ್ಮ ಗೇಜು ಸತ್ಯ ಹೇಳುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಅದೇ ಆಧಾರ.

ಗೇಜನ್ನೂ ಬೇರೆಯಾಗಿ ಪರೀಕ್ಷಿಸಬಹುದು. ಅದರೊಳಗೆ ವಿದ್ಯುತ್ತಿನ ಸಂಬಂಧವಿಲ್ಲ; ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯವೇ ಇಂದಿಗೂ ಇರುವುದು. ಚಪ್ಪಟೆ ಮಾಡಿದ ಹಿತ್ತಾಳೆಯ ಕೊಳವೆಯನ್ನು ಅರ್ಧಚಂದ್ರದಂತೆ ಬಗ್ಗಿಸಿ ಒಂದು ತುದಿಯನ್ನು ಮುಚ್ಚಿರುತ್ತಾರೆ. ಒಳಗೆ ಒತ್ತಡ ಬಂದಾಗ, ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿಯಂತೆ ಅದು ಬಿಚ್ಚಿಕೊಳ್ಳಲು ನೋಡುತ್ತದೆ, ಆ ಅಲುಗಾಟವನ್ನು ಸಣ್ಣ ಹಲ್ಲುಗಾಲಿ ಮುಳ್ಳಿಗೆ ಮುಟ್ಟಿಸುತ್ತದೆ. ಒತ್ತಡ ಆಯಿಲಿನದ್ದಾದರೇನು, ಗಾಳಿಯದ್ದಾದರೇನು, ಗೇಜಿಗೆ ವ್ಯತ್ಯಾಸ ತಿಳಿಯದು. ಗೇಜಿನ ಕುತ್ತಿಗೆಗೆ ಹೊಂದುವ ಅಡಾಪ್ಟರಿಗೆ ಟೈರಿನ ವಾಲ್ವೊಂದನ್ನು ಬೆಸೆಸಿಕೊಂಡು ಪಂಕ್ಚರ್ ಅಂಗಡಿಗೆ ಹೋಗಿ, ಅವರ ಮೀಟರಿನಲ್ಲಿ 10, 20, 30, 40 ಎಂದು ಒಂದೊಂದಾಗಿ ಗಾಳಿ ಬಿಡಿಸಿ ನಿಮ್ಮ ಮುಳ್ಳಿನೊಂದಿಗೆ ತಾಳೆ ನೋಡಿ. ಎರಡು ಮೂರು ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಹೆಚ್ಚುಕಮ್ಮಿಯಾದರೆ ಚಿಂತೆಯಿಲ್ಲ. ಸೊನ್ನೆಗೆ ಮರಳದ ಮುಳ್ಳು ಮಾತ್ರ ಕೆಟ್ಟ ಲಕ್ಷಣ: ಒಳಗಿನ ಕೊಳವೆ ಎಂದೋ ಅತಿ ಒತ್ತಡಕ್ಕೆ ಸಿಕ್ಕಿ ರೂಪ ಕಳೆದುಕೊಂಡಿದೆ ಎಂದರ್ಥ. ಗಾಳಿ ಬಿಡುವ ಮೊದಲು ಕುತ್ತಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿ. ವರ್ಷಗಟ್ಟಲೆ ಬಾಯಿ ತೆರೆದು ಬಿದ್ದಿದ್ದ ಕೊಳವೆಯನ್ನು ಕುಂಬಾರ ಹುಳು ಬಿಡುವುದಿಲ್ಲ. ತೋಟದ ಶೆಡ್ಡಿನಲ್ಲಿ ಮಳೆಗಾಲ ಕಳೆದ ಗಾಡಿಯ ಡ್ಯಾಶ್‌ಬೋರ್ಡಿನ ಹಿಂದೆ ಅದರ ಮಣ್ಣಿನ ಗೂಡು ಇದ್ದೇ ಇರುತ್ತದೆ. ಸೀಮೆಎಣ್ಣೆಯಲ್ಲಿ ನೆನೆಸಿ ಮೆತ್ತಗಾಗಿಸಿ ತೆಗೆಯಬೇಕೇ ಹೊರತು ತಂತಿ ಹಾಕಿ ಚುಚ್ಚಬಾರದು.

ಎಲೆಕ್ಟ್ರಿಕ್ ಗೇಜಿನ ಸಲಹೆಯನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬಿಸಿ ಆಯಿಲ್ ಡ್ಯಾಶ್‌ಬೋರ್ಡಿನವರೆಗೆ ಬರಬೇಕಾಗಿಲ್ಲವೆಂಬ ಒಂದು ದೊಡ್ಡ ಅನುಕೂಲ ಅದಕ್ಕಿದೆ. ಆದರೆ ಆ ಕಾಲದ ವಿಲ್ಲೀಸ್‌ಗಳಿಗೆ ಮೂಲದಲ್ಲಿ ಇದ್ದದ್ದು 6 ವೋಲ್ಟ್, ಈಗಿನ ಗೇಜುಗಳು 12 ವೋಲ್ಟಿನವು. ನಿಮ್ಮದು ಇನ್ನೂ 6 ವೋಲ್ಟಿನಲ್ಲೇ ಇದ್ದರೆ ಆ ದಾರಿ ಅಲ್ಲಿಗೇ ಮುಚ್ಚಿತು. 12ಕ್ಕೆ ಬದಲಾಗಿದ್ದರೂ ಸೆಂಡರ್ (ಬ್ಲಾಕಿನಲ್ಲಿ ಕೂತು ಒತ್ತಡವನ್ನು ತಂತಿಯ ಮೂಲಕ ಗೇಜಿಗೆ ತಿಳಿಸುವ ಭಾಗ) ಮತ್ತು ಗೇಜು ಒಂದೇ ಜೋಡಿಯವಾಗಿರಬೇಕು, ಒಂದೇ ತಂತಿಯ ಸೆಂಡರ್ ತನ್ನ ಥ್ರೆಡ್ಡಿನ ಮೂಲಕವೇ ಅರ್ತ್ ಪಡೆಯಬೇಕು. ಗ್ಯಾರೇಜಿನವರು ಹೇಳಿದಂತೆ ಟೇಪು ದಪ್ಪವಾಗಿ ಸುತ್ತಿದರೆ ಆ ಅರ್ತ್ ಕೂಡ ಹೋಗುತ್ತದೆ. ಅಲ್ಲದೆ ಅದರ ಥ್ರೆಡ್ಡೂ ಇದೇ ತೂತಿಗೆ ಹೊಂದಬೇಕಲ್ಲವೇ? ಮೂಲ ಗೇಜು ನಿಮ್ಮಲ್ಲಿ ಉಳಿದಿರುವಾಗ, ಅದು ಗಾಳಿಯ ಪರೀಕ್ಷೆಯಲ್ಲಿ ಪಾಸಾದರೆ, ಕೊಳವೆಯ ಗೇಜನ್ನೇ ಉಳಿಸಿಕೊಳ್ಳಿ ಎನ್ನುತ್ತೇನೆ. ಶರತ್ತು ಒಂದೇ: ಆ ಸಣ್ಣ ಕೊಳವೆಯನ್ನು ಎಂಜಿನ್ನಿನ ಆಯಿಲ್ ಗ್ಯಾಲರಿಯ ಮುಂದುವರಿದ ಭಾಗವೆಂದೇ ತಿಳಿದು ಕೆಲಸ ಮಾಡಬೇಕು. ಅದು ಒಡೆದರೆ ಚೇಂಬರಿನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ನಾಲ್ಕು ಲೀಟರಿಗೂ ಕಡಿಮೆಯಿರುವ ಆಯಿಲ್ ಖಾಲಿಯಾಗಲು ಹೆಚ್ಚು ಹೊತ್ತು ಬೇಡ.

ಜೀಪು ತಯಾರಾದ ಕಾಲದಲ್ಲೇ ಅಮೆರಿಕದವರು ಇದಕ್ಕೊಂದು ವ್ಯವಸ್ಥೆ ಮಾಡಿದ್ದರು: ಬ್ಲಾಕಿನಿಂದ ಫೈರ್‌ವಾಲಿನವರೆಗೆ (ಎಂಜಿನ್ನಿಗೂ ಚಾಲಕನ ಜಾಗಕ್ಕೂ ನಡುವಿನ ತಗಡಿನ ಗೋಡೆ) ಬಾಗುವ ಹೋಸು, ಅಲ್ಲಿಂದ ಗೇಜಿಗೆ ಲೋಹದ ಕೊಳವೆ. ನಾಲ್ಕು ಸಿಲಿಂಡರಿನ ಈ ಎಂಜಿನ್ ತನ್ನ ರಬ್ಬರ್ ಮೌಂಟಿಂಗುಗಳ ಮೇಲೆ ಕುಲುಕಾಡುತ್ತದೆ, ಬಾಡಿ ಹಾಗೆ ಕುಲುಕುವುದಿಲ್ಲ. ಎರಡನ್ನೂ ಒಂದೇ ತಾಮ್ರದ ಕೊಳವೆಯಿಂದ ಕಟ್ಟಿದರೆ ತಾಮ್ರ ದಿನೇ ದಿನೇ ಗಡಸಾಗಿ ನಿಪ್ಪಲಿನ ಬುಡದಲ್ಲೇ ಸೀಳುತ್ತದೆ. ನಿಮ್ಮ ಕೊಳವೆಯನ್ನು ಕತ್ತರಿಸಿದ್ದು ಅದು ಸೀಳಿದ್ದಕ್ಕೇ ಆಗಿದ್ದರೆ, ಸೀಳಿದ್ದೂ ಬಹುಶಃ ಅಲ್ಲೇ. ಆದ್ದರಿಂದ ಹೋಸು ಇರಲೇಬೇಕು, ಅದು ಆಯಿಲ್ ತಾಳುವ ನೈಟ್ರೈಲ್ ರಬ್ಬರಿನದ್ದೂ ಮೇಲೆ ಹೆಣಿಗೆಯ ಕವಚವಿರುವಂಥದ್ದೂ ಆಗಿರಬೇಕು. ಪೆಟ್ರೋಲ್ ಪೈಪು, ನೀರಿನ ಪೈಪುಗಳಿಗೆ ಕ್ಲಿಪ್ ಹಾಕಿ ತಾತ್ಕಾಲಿಕವಾಗಿ ನಡೆಸುವವರನ್ನು ಕಂಡಿದ್ದೇನೆ. ಈ ಎಂಜಿನ್ನಿನಲ್ಲಿ ಅದು ಬೆಂಕಿಗೆ ಆಹ್ವಾನ, ಏಕೆಂದರೆ ಆಯಿಲ್ ಪಂಪಿರುವ ಎಡಬದಿಯಲ್ಲೇ ಎಗ್ಸಾಸ್ಟ್ ಮ್ಯಾನಿಫೋಲ್ಡೂ ಇದೆ. ಅಗ್ಗದ ಗೇಜುಗಳ ಜೊತೆ ಬರುವ ತೆಳುವಾದ ನೈಲಾನ್ ಕೊಳವೆಯೂ ಅದೇ ಕಾರಣಕ್ಕೆ ಬೇಡ. ಹೋಸು ಮ್ಯಾನಿಫೋಲ್ಡಿನಿಂದ ಒಂದು ಗೇಣಾದರೂ ದೂರದಲ್ಲಿ ಹಾಯಲಿ.

ಫೈರ್‌ವಾಲಿನಿಂದ ಮುಂದಿನ ತಾಮ್ರದ ಕೊಳವೆಗೆ ಗೋಣಿಕೊಪ್ಪದಲ್ಲೋ ವಿರಾಜಪೇಟೆಯಲ್ಲೋ ಫ್ರಿಜ್ ರಿಪೇರಿಯವರನ್ನು ಕೇಳಿ. ಸಣ್ಣ ವ್ಯಾಸದ ಒಳ್ಳೆಯ ಮೆತ್ತನೆಯ ತಾಮ್ರವೂ, ತುದಿಯನ್ನು ಅರಳಿಸುವ ಫ್ಲೇರಿಂಗ್ ಟೂಲೂ ಅವರಲ್ಲಿರುತ್ತದೆ. ಅವರು ಅರಳಿಸುವ 45 ಡಿಗ್ರಿ ಕೋನವೇ ಅಮೆರಿಕನ್ ವಾಹನಗಳ ಫಿಟ್ಟಿಂಗುಗಳಲ್ಲೂ ಸಾಮಾನ್ಯ. ಅರಳಿಸುವ ಮೊದಲು ನಟ್ಟನ್ನು ಕೊಳವೆಗೆ ತೂರಿಸಿದ್ದೀರೋ ಎಂದು ನೋಡಿಕೊಳ್ಳಿ, ಅನುಭವಿಗಳೂ ಮರೆಯುವ ಸಂಗತಿ ಇದು. ಹಳೆಯ ಕೊಳವೆಯ ಉಳಿದ ಭಾಗವನ್ನೇ ಬಳಸುವ ಆಸೆಯಿದ್ದರೆ, ಅದನ್ನು ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಕಬ್ಬಿಣದಂತೆ ಗಡಸಾಗದೆ ತಾಮ್ರ ಮೆದುವಾಗುತ್ತದೆ. ಕೊಳವೆ ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರಾಮೆಟ್ ಇಲ್ಲದಿದ್ದರೆ ತಗಡಿನ ಅಂಚು ಅದನ್ನು ಕೊರೆದು ತೂತು ಮಾಡುತ್ತದೆ. ಬ್ಲಾಕಿನ ತುದಿಯಲ್ಲಿ ಸಣ್ಣ ತೂತಿನ ರಿಸ್ಟ್ರಿಕ್ಟರ್ ಹಾಕಿಸಿದರೆ ಇನ್ನೂ ಒಳ್ಳೆಯದು: ಗೇಜಿಗೆ ಒತ್ತಡ ಮುಟ್ಟಲು ಆಯಿಲ್ ಹರಿಯಬೇಕಾಗಿಯೇ ಇಲ್ಲ, ಕೊಳವೆ ಒಡೆದ ದಿನ ಮಾತ್ರ ಆ ಸಣ್ಣ ತೂತು ನಿಮ್ಮ ಎಂಜಿನ್ನನ್ನು ಉಳಿಸುತ್ತದೆ.

ಗೇಜಿನ ತುದಿಯಲ್ಲಿ ಎರಡು ಸ್ಪ್ಯಾನರ್ ಬೇಕು. ಒಂದರಿಂದ ಗೇಜಿನ ಕುತ್ತಿಗೆಯ ಷಟ್ಕೋನವನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ ಬಿಗಿಯಬೇಕು. ಒಂದೇ ಸ್ಪ್ಯಾನರಿನಿಂದ ತಿರುಗಿಸಿದರೆ ಒಳಗಿನ ಬಗ್ಗಿದ ಕೊಳವೆಯ ಬೆಸುಗೆ ತಿರುಚಿಕೊಂಡು ಗೇಜೇ ಸೋರತೊಡಗುತ್ತದೆ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿರಿ, ಏಕೆಂದರೆ ಡ್ಯಾಶ್‌ಬೋರ್ಡಿನ ಹಿಂದೆ ತಾಮ್ರದ ಕೊಳವೆಯ ತುದಿ ಅಮ್ಮೀಟರಿನ ಟರ್ಮಿನಲ್ಲಿಗೆ ತಾಗಿದರೆ ಹಳೆಯ ವೈರಿಂಗ್ ಪೂರ್ತಿ ಸುಟ್ಟುಹೋದೀತು.

ಎಲ್ಲ ಜೋಡಿಸಿದ ಮೇಲೆ ತಕ್ಷಣ ಎಂಜಿನ್ ಚಾಲೂ ಮಾಡಬೇಡಿ. ಕಾಯಿಲ್ ವೈರ್ ತೆಗೆದಿಟ್ಟು ಸ್ಟಾರ್ಟರಿನಿಂದ ಸುತ್ತಿಸಿ, ಮುಳ್ಳು ಅಲುಗುವುದನ್ನು ನೋಡಿ. ಕೊಳವೆಯಲ್ಲಿ ಗಾಳಿ ಉಳಿದರೆ ಮುಳ್ಳು ಸ್ವಲ್ಪ ಸೋಮಾರಿಯಾಗುತ್ತದೆ, ಅಷ್ಟೇ. ತೋರಿಸುವ ಅಂಕಿ ತಪ್ಪಾಗುವುದಿಲ್ಲವಾದ್ದರಿಂದ ಗಾಳಿ ತೆಗೆಯುವ ಕಸರತ್ತು ಅನಗತ್ಯ. ಆಮೇಲೆ ಎಂಜಿನ್ ಓಡಿಸಿ, ಪ್ರತಿಯೊಂದು ಜೋಡಣೆಯನ್ನೂ ಒಣಬಟ್ಟೆಯಿಂದ ಒರೆಸಿ, ಬಿಸಿಯಾದ ನಂತರ ಬೆರಳಾಡಿಸಿ ನೋಡಿ. ತಣ್ಣಗಿರುವಾಗ ಸೋರದ ಫ್ಲೇರ್ ಬಿಸಿ ಆಯಿಲ್ ತೆಳುವಾದಾಗ ಸೋರುವುದುಂಟು.

ಮುಳ್ಳು ಎಲ್ಲಿ ನಿಲ್ಲಬೇಕೆಂಬ ಪ್ರಶ್ನೆಗೆ ವಿಲ್ಲೀಸ್ ಕಂಪನಿಯ ಅಂಕಿಗಳು ನಿಮಗೆ ಅಚ್ಚರಿ ತಂದಾವು, ಅಷ್ಟು ಕಡಿಮೆ ಅವು. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿ ಸುಮಾರು 10 ಪಿಎಸ್‌ಐ, ಗಂಟೆಗೆ 35 ಮೈಲಿ ವೇಗದಲ್ಲಿ ಸುಮಾರು 35 ಇದ್ದರೆ ಆರೋಗ್ಯ ಚೆನ್ನಾಗಿದೆ. ಐಡ್ಲಿಂಗಿನಲ್ಲಿ 6ಕ್ಕಿಂತ, ರಸ್ತೆಯಲ್ಲಿ 20ಕ್ಕಿಂತ ಇಳಿಯಬಾರದು. ಈಗಿನ ಕಾರುಗಳ ಅಂಕಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು 10 ಕಂಡ ಕೂಡಲೇ ಎಂಜಿನ್ ಬಿಚ್ಚಿಸಲು ಹೊರಡಬೇಡಿ. ಡಿಸೆಂಬರಿನ ಬೆಳಿಗ್ಗೆ ಚಾಲೂ ಮಾಡಿದಾಗ ಆಯಿಲ್ ಮಂದವಾಗಿರುವುದರಿಂದ ಮುಳ್ಳು ಹಿಗ್ಗಿನಿಂದ ಮೇಲೇರುತ್ತದೆ. ಆ ಅಂಕಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಿಜವಾದ ಪರೀಕ್ಷೆ ನಿಮ್ಮ ಊರಿನ ಪಕ್ಕದಲ್ಲೇ ಇದೆ. ಮಾಕುಟ್ಟದಿಂದ ಪೆರುಂಬಾಡಿಯ ಕಡೆಗೆ ಕೆಳಗಿನ ಗೇರಿನಲ್ಲಿ ಘಾಟಿ ಹತ್ತಿ ಬಂದು, ಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಐಡ್ಲಿಂಗಿನಲ್ಲಿ ಮುಳ್ಳು ಎಲ್ಲಿದೆ ನೋಡಿ; ಆಯಿಲ್ ಅಷ್ಟು ಬಿಸಿಯಾಗಿರುವಾಗ ಬರುವ ಅಂಕಿಯೇ ಬೇರಿಂಗುಗಳ ಸ್ಥಿತಿಯನ್ನು ಹೇಳುವುದು. ಕಡಿದಾದ ಏರಿನಲ್ಲಿ ಮುಳ್ಳು ಒಮ್ಮೆಲೇ ಕುಸಿದು ಮತ್ತೆ ಏರಿದರೆ ಮೊದಲು ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಡಿಮೆಯಿದ್ದಾಗ ಅದು ಚೇಂಬರಿನ ಹಿಂದಕ್ಕೆ ಸರಿದು ಪಂಪಿಗೆ ಗಾಳಿ ಸಿಗುತ್ತದೆ.

ಅಂಕಿ ಕಡಿಮೆ ಬಂದರೆ ಕೆಲವು ಮೆಕ್ಯಾನಿಕ್‌ಗಳು ಪಂಪಿನ ರಿಲೀಫ್ ವಾಲ್ವಿನ (ಹೆಚ್ಚಾದ ಒತ್ತಡವನ್ನು ಬಿಟ್ಟುಕೊಡುವ ವಾಲ್ವು) ಸ್ಪ್ರಿಂಗಿಗೆ ಶಿಮ್ (ತೆಳುವಾದ ವಾಷರ್) ಹಾಕಿ ‘ಪ್ರೆಶರ್ ಏರಿಸಿ’ ಕೊಡುತ್ತಾರೆ. ಈ ಎಂಜಿನ್ನಿನಲ್ಲಿ ಶಿಮ್ಮಿನ ಹೊಂದಾಣಿಕೆ ಕಂಪನಿಯೇ ಕೊಟ್ಟದ್ದು ನಿಜ. ಆದರೆ ಆ ವಾಲ್ವು ತೆರೆಯುವುದು ಒತ್ತಡ ಹೆಚ್ಚಾದಾಗ. ಐಡ್ಲಿಂಗಿನಲ್ಲಿ ಅದು ಮುಚ್ಚಿಯೇ ಇರುವುದರಿಂದ, ಸವೆದ ಬೇರಿಂಗಿನಿಂದ ಬಂದ ಕಡಿಮೆ ಅಂಕಿಗೆ ಶಿಮ್ಮಿನಲ್ಲಿ ಮದ್ದಿಲ್ಲ. ಅದಕ್ಕಿಂತ ಮೊದಲು ಡಿಪ್‌ಸ್ಟಿಕ್ಕನ್ನು ಮೂಸಿ ನೋಡಿ. ಪೆಟ್ರೋಲಿನ ವಾಸನೆ ಬಂದರೆ ಫ್ಯೂಯಲ್ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಚೇಂಬರಿಗೆ ಇಳಿಯುತ್ತಿದೆ. ಡಯಾಫ್ರಾಮ್ ಬದಲಿಸಿ, ಹೊಸ ಆಯಿಲ್ ಹಾಕಿದರೆ ಮುಳ್ಳು ತಾನಾಗಿ ಮೇಲೇಳುವುದನ್ನು ಕಾಣುವಿರಿ. ವಾಸನೆಯೂ ಇಲ್ಲ, ಆಯಿಲೂ ಹೊಸದು, ಟೆಸ್ಟರೂ ನಿಮ್ಮ ಗೇಜೂ ಒಂದೇ ಮಾತು ಹೇಳುತ್ತಿವೆ ಎಂದಾದರೆ ಚೇಂಬರ್ ಇಳಿಸಿ ಮೇನ್ ಮತ್ತು ಬಿಗ್ ಎಂಡ್ ಬೇರಿಂಗುಗಳನ್ನು ನೋಡದೆ ಗತ್ಯಂತರವಿಲ್ಲ.

ಗೇಜಿನ ಜೊತೆಗೆ ಎಚ್ಚರಿಕೆಯ ಕೆಂಪು ದೀಪವೂ ಇರಲೆಂದು ಬಯಸುವಿರಾದರೆ ಮೂರು ಬಾಯಿಯ ಟೀ ಫಿಟ್ಟಿಂಗ್ ಹಾಕಬಹುದು. ಆದರೆ ಅದನ್ನು ಬ್ಲಾಕಿಗೆ ನೇತುಹಾಕದೆ, ಹೋಸಿನ ಆಚೆ ತುದಿಯಲ್ಲಿ ಫೈರ್‌ವಾಲಿಗೆ ಕ್ಲಾಂಪ್ ಮಾಡಿಸಿ. ಹಿತ್ತಾಳೆಯ ಭಾರವಾದ ಟೀ ಮತ್ತು ಸ್ವಿಚ್ಚು ನಡುಗುವ ಎಂಜಿನ್ನಿನ ಮೇಲೆ ಜೋತಾಡಿದರೆ ನಿಪ್ಪಲ್ ಮುರಿಯುವುದು ಖಚಿತ. ಕೊನೆಯದಾಗಿ, ಈಗ ಬ್ಲಾಕಿನಲ್ಲಿರುವ ಹಳೆಯ ಪ್ಲಗ್ಗನ್ನು ಎಸೆಯಬೇಡಿ. ಅದಕ್ಕೆ ಹೊಂದುವ ಸ್ಪ್ಯಾನರ್ ಮತ್ತು ಎರಡು ಲೀಟರ್ ಆಯಿಲಿನೊಂದಿಗೆ ಅದನ್ನು ಸೀಟಿನ ಕೆಳಗಿನ ಟೂಲ್ ಡಬ್ಬದಲ್ಲಿಡಿ. ದಾರಿಯಲ್ಲಿ ಹೋಸು ಒಡೆದರೆ ಕೂಡಲೇ ಎಂಜಿನ್ ನಿಲ್ಲಿಸಿ, ತಣಿದ ಮೇಲೆ ನಿಪ್ಪಲ್ ಬಿಚ್ಚಿ ಪ್ಲಗ್ ಹಾಕಿ, ಡಿಪ್‌ಸ್ಟಿಕ್ಕಿನ ಗುರುತಿನವರೆಗೆ ಆಯಿಲ್ ತುಂಬಿಸಿಕೊಂಡು ಮನೆಗೆ ಬರಬಹುದು.